ಒಮ್ಮೆ ಬಿಚ್ಚಿದರೆ ‘ಕಂಪನಿ ಫಿಟ್ಟಿಂಗ್’ ಹೋಗುತ್ತದಾ?

ಓದುಗರ ಪ್ರಶ್ನೆ: ನನ್ನದು 12 ವರ್ಷ ಹಳೆಯ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಬಾಗಿಲಿನ ಒಳಗಿನ ಪ್ಯಾನೆಲ್ ಮತ್ತು ಗೇರ್ ಸುತ್ತಲಿನ ಬೆಳ್ಳಿ ಬಣ್ಣದ ಪಟ್ಟಿ ಗೀರು ಬಿದ್ದು ಹಾಳಾಗಿದೆ. ಬೇರೆ ಪೀಸ್ ತರಿಸಿದ್ದೇನೆ. ನಾನೇ ಹಾಕಬಹುದಾ? ಒಮ್ಮೆ ಬಿಚ್ಚಿದರೆ ಕಂಪನಿ ಫಿಟ್ಟಿಂಗ್ ಹೋಗುತ್ತದೆ, ಆಮೇಲೆ ಕಟಕಟ ಶಬ್ದ ನಿಲ್ಲುವುದೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ.

ಹಾಕಬಹುದು. ಒಂದು ಭಾನುವಾರ ಸಾಕು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲಿ ಹೇಳಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ. ಮಂಗಳೂರಿನ ಪಂಪ್‌ವೆಲ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಪಕ್ಕದ ಕಾರಿನವರು ಗ್ಲಾಸ್ ಇಳಿಸಿ ಕೇಳಿದ್ದಕ್ಕೂ ಹೇಳಿದ್ದೇನೆ. ‘ನಾನೇ ಹಾಕಬಹುದಾ’ ಅನ್ನುವುದು ಸುಲಭದ ಪ್ರಶ್ನೆ. ಜನರನ್ನು ತಡೆಯುವುದು ಆ ‘ಕಂಪನಿ ಫಿಟ್ಟಿಂಗ್’ ಮಾತು. ಹಾಗಾಗಿ ಮೊದಲು ಅದನ್ನೇ ಬಿಚ್ಚೋಣ.

ಕಾರ್ಖಾನೆಯಲ್ಲಿ ಬಾಗಿಲಿನ ಪ್ಯಾನೆಲ್ ಕೂರಿಸುವುದು ಹೇಗೆ ಗೊತ್ತಾ? ಪ್ಯಾನೆಲ್ಲಿನ ಬೆನ್ನಿಗೆ ಮೊದಲೇ ಕ್ಲಿಪ್ ಸಿಕ್ಕಿಸಿರುತ್ತಾರೆ. ಕೆಲಸಗಾರ ವಯರಿನ ಕನೆಕ್ಟರ್ ಚುಚ್ಚುತ್ತಾನೆ, ಪ್ಯಾನೆಲ್ಲನ್ನು ಗ್ಲಾಸಿನ ಪಕ್ಕದ ಮೇಲಂಚಿಗೆ ನೇತುಹಾಕುತ್ತಾನೆ, ಸುತ್ತಲೂ ಅಂಗೈಯಿಂದ ಗುದ್ದುತ್ತಾನೆ. ಟಕ್, ಟಕ್, ಟಕ್. ಎರಡು ಮೂರು ಸ್ಕ್ರೂ ಬಿಗಿಯುತ್ತಾನೆ. ಅಷ್ಟೇ, ಆಯಿತು. ಆ ಗುದ್ದಿನಲ್ಲಿ ನಿಮ್ಮ ಅಂಗೈಗೆ ಬಾರದ ವಿದ್ಯೆ ಯಾವುದೂ ಇಲ್ಲ.

ಹೋದ ತಿಂಗಳು ಕಡಲ ತೀರದ ಕಾಪುವಿನ ಒಬ್ಬ ಹುಡುಗ ಅವನ ಕೆಂಪು ಕಾರು ತಂದಿದ್ದ. ಬಾಗಿಲಿನ ಹತ್ತಿರ ನಿಂತು, ಕೈ ಹಿಂದೆ ಕಟ್ಟಿಕೊಂಡು, ‘ಒಮ್ಮೆ ಬಿಚ್ಚಿದ್ರೆ ಮತ್ತೆ ಕೂರುದಿಲ್ಲಂತೆ ಸರ್, ಹೌದಾ?’ ಅಂದ. ನಾನು ಮಾತಾಡದೆ ಒಂದು ಕ್ಲಿಪ್ ಅವನ ಕೈಗಿಟ್ಟೆ. ನೈಲಾನಿನದ್ದು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ತುದಿ ಚೂಪು, ನಡು ದಪ್ಪ, ಅದರ ಕೆಳಗೆ ಸಣ್ಣ ಕುತ್ತಿಗೆ, ಬುಡದಲ್ಲಿ ಅಗಲದ ಟೊಪ್ಪಿ. ‘ಬೆರಳು ಎಳೆದು ನೋಡು’ ಅಂದೆ. ಒಳಗೆ ಹೋಗುವ ಕಡೆಯ ಇಳಿಜಾರು ಉದ್ದ. ಹೊರಗೆ ಬರುವ ಕಡೆಯದು ಗಿಡ್ಡ. ಅದಕ್ಕೇ ಒತ್ತುವುದು ಸುಲಭ, ಎಳೆಯುವುದು ಕಷ್ಟ. ಆದರೆ ಹೊರಗೆ ಬರುವ ಕಡೆಗೂ ಇಳಿಜಾರು ಇದೆ! ಬಿಚ್ಚಲೇಬಾರದು ಅಂತ ಇದ್ದಿದ್ದರೆ ಅಲ್ಲಿ ಮೀನಿನ ಗಾಳದ ಹಾಗೆ ಮುಳ್ಳು ಇಡುತ್ತಿದ್ದರು. ಕಾಪುವಿನವನಿಗೆ ಗಾಳದ ವಿಷಯ ಜಾಸ್ತಿ ವಿವರಿಸಬೇಕಾಗಲಿಲ್ಲ.

ಇನ್ನೊಂದು ಯೋಚಿಸಿ. ಗ್ಲಾಸ್ ಏರಿಳಿಸುವ ಮೋಟರ್ ಎಲ್ಲಿದೆ? ಬಾಗಿಲಿನ ಒಳಗೆ. ಸ್ಪೀಕರ್, ಬೀಗ, ಹ್ಯಾಂಡಲಿನ ಕೇಬಲ್? ಎಲ್ಲ ಅದೇ ಪ್ಯಾನೆಲ್ಲಿನ ಹಿಂದೆ. ಇವುಗಳಲ್ಲಿ ಒಂದು ಕೆಟ್ಟರೂ ಪ್ಯಾನೆಲ್ ಬಿಚ್ಚದೆ ಬೇರೆ ದಾರಿ ಇಲ್ಲ. ಕಾರು ಮಾಡಿದವರೇ ಬಿಚ್ಚುವ ಕ್ರಮವನ್ನು ಸರ್ವಿಸ್ ಮ್ಯಾನುವಲ್‌ನಲ್ಲಿ ಚಿತ್ರ ಹಾಕಿ ಬರೆದಿರುತ್ತಾರೆ. ಯಾವ ಕ್ಲಿಪ್ ಹೊಸದು ಹಾಕಬೇಕು ಅಂತಲೂ ಬರೆದಿರುತ್ತಾರೆ. ಮತ್ತೆ, ನಿಮ್ಮದು ಸೆಕೆಂಡ್ ಹ್ಯಾಂಡ್ ಕಾರು, ಅಲ್ವಾ? 12 ವರ್ಷದಲ್ಲಿ ಆ ಬಾಗಿಲನ್ನು ಯಾರೂ ಬಿಚ್ಚಿಲ್ಲ ಅಂತ ಹೇಗೆ ನಂಬುತ್ತೀರಿ?

ಹಾಗಾದರೆ ಬಿಚ್ಚಿದ ಮೇಲೆ ಶಬ್ದ ಬರುತ್ತದೆ ಅನ್ನುವುದು ಸುಳ್ಳಾ? ಸುಳ್ಳಲ್ಲ. ತುಂಬ ಕಾರುಗಳಲ್ಲಿ ಬರುತ್ತದೆ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದದ್ದೇ ಅದರಿಂದ. ಆದರೆ ಶಬ್ದ ಬಿಚ್ಚಿದ್ದರಿಂದ ಬರುವುದಲ್ಲ, ವಾಪಸ್ ಸರಿಯಾಗಿ ಹಾಕದ್ದರಿಂದ ಬರುವುದು. ನನ್ನ ಕಾರಿನಲ್ಲೇ ಆಗಿತ್ತು. ಮೊದಲ ಸಲ ಬಾಗಿಲು ಬಿಚ್ಚಿ ಹಾಕಿದ ಮರುದಿನ ಸುರತ್ಕಲ್‌ನಿಂದ ಉಡುಪಿಗೆ ಹೊರಟೆ. ಮುಲ್ಕಿ ದಾಟುವಷ್ಟರಲ್ಲಿ ಬಲಗಡೆಯಿಂದ ಚಿರಚಿರ ಶುರು. ಎಲ್ಲರೂ ಹೇಳಿದ್ದೇ ನಿಜ ಅಂತ ನನಗೂ ಅನಿಸಿತ್ತು. ಮನೆಗೆ ಬಂದು ಮತ್ತೆ ಬಿಚ್ಚಿದೆ. ಎರಡು ಕ್ಲಿಪ್ ಪ್ಯಾನೆಲ್ ಬಿಟ್ಟು ಬಾಗಿಲಿನ ತಗಡಿನ ತೂತಿನಲ್ಲೇ ಕೂತಿದ್ದವು. ಪ್ಯಾನೆಲ್ ಆ ಮೂಲೆಯಲ್ಲಿ ಹಿಡಿತವಿಲ್ಲದೆ ನೇತಾಡುತ್ತಿತ್ತು. ಮೊದಲು ಬಟ್ಟೆಯ ಟೇಪ್ ಸುತ್ತಿದ್ದ ಒಂದು ವಯರಿನ ಕಟ್ಟು ಬಿಡಿಯಾಗಿ ತಗಡಿಗೆ ಬಡಿಯುತ್ತಿತ್ತು. ಕ್ಲಿಪ್ ಹೊಸದು ಹಾಕಿದೆ, ವಯರಿಗೆ ಟೇಪ್ ಸುತ್ತಿದೆ. ಅವತ್ತಿನಿಂದ ಆ ಬಾಗಿಲು ಸದ್ದಿಲ್ಲ.

ಸ್ಪೋರ್ಟ್ಸ್ ಕಾರಿನಲ್ಲಿ ಸಣ್ಣ ತಪ್ಪೂ ದೊಡ್ಡದಾಗಿ ಕೇಳುತ್ತದೆ. ಸಸ್ಪೆನ್ಶನ್ ಬಿಗಿ, ಟಯರಿನ ಪಕ್ಕೆ ಗಿಡ್ಡ. ನಮ್ಮ ಕಾಂಕ್ರೀಟ್ ರಸ್ತೆಯ ಪ್ರತಿ ಜಾಯಿಂಟೂ ನೇರ ಪ್ಯಾನೆಲ್ಲಿಗೆ ತಲುಪುತ್ತದೆ. ಅದಕ್ಕೇ ಹಾಕುವಾಗ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುವ ಕಡೆಯಲ್ಲೆಲ್ಲ ಬಟ್ಟೆಯಂಥ ಫೆಲ್ಟ್ ಟೇಪ್ ಅಂಟಿಸಿ. ಹಳೆಯ ಟೇಪ್ ಒಣಗಿ ಉದುರಿರುತ್ತದೆ. ಅಂದರೆ ಹಳೆಯ ಕಾರಿನ ಬಾಗಿಲನ್ನು ಸರಿಯಾಗಿ ಬಿಚ್ಚಿ ಹಾಕಿದರೆ ಮೊದಲಿಗಿಂತ ಸದ್ದು ಕಮ್ಮಿಯಾಗುತ್ತದೆ. ನಾನು ಇದನ್ನು ಒಂದಲ್ಲ, ಹತ್ತು ಕಾರಿನಲ್ಲಿ ಕೇಳಿದ್ದೇನೆ. ಅಥವಾ ಕೇಳಿಸದೆ ಖುಷಿಪಟ್ಟಿದ್ದೇನೆ.

ಕ್ಲಿಪ್ ಮುರಿಯುವುದೂ ದೊಡ್ಡ ಸಂಗತಿಯಲ್ಲ ಮಾರಾಯ್ರೆ. ಅದು ಸೋಸುವ ಬಟ್ಟೆಯ ಹಾಗೆ, ಬದಲಾಯಿಸುವ ವಸ್ತು. ಕೆಲಸ ಶುರು ಮಾಡುವ ಮೊದಲೇ ನಿಮ್ಮ ಮಾಡೆಲ್ಲಿನ ಒಂದು ಸೆಟ್ ತಂದಿಟ್ಟುಕೊಳ್ಳಿ. ಒಂದು ವಿಷಯದಲ್ಲಿ ಕರಾವಳಿಯವರಿಗೆ ಅನುಕೂಲ ಇದೆ. ನೈಲಾನ್ ಒಣಗಿದ್ದರೆ ಬಿರುಸು, ತೇವ ಹೀರಿಕೊಂಡರೆ ಬಳುಕುತ್ತದೆ. ನಮ್ಮ ಹವೆಯಲ್ಲಿ ಅದು ತಾನಾಗಿಯೇ ಹದವಾಗಿರುತ್ತದೆ. ಪ್ಯಾಕೆಟ್ ಒಡೆದ ಹೊಸ ಕ್ಲಿಪ್ಪನ್ನು ಮಾತ್ರ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿಡಿ. ಡ್ಯಾಶ್‌ಬೋರ್ಡ್ ಪಟ್ಟಿಯ ಹಿಂದಿನ ಉಕ್ಕಿನ ಸ್ಪ್ರಿಂಗ್ ಕ್ಲಿಪ್ಪಿಗೆ ಮಾತ್ರ ನಮ್ಮ ಉಪ್ಪುಗಾಳಿ ಶತ್ರು. ತುಕ್ಕು ಹಿಡಿದದ್ದನ್ನು ವಾಪಸ್ ಹಾಕಬೇಡಿ.

ಇನ್ನು ಕೆಲಸ. ಉಕ್ಕಿನ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಡಿ. ನೈಲಾನ್ ಟ್ರಿಮ್ ಟೂಲ್ ತನ್ನಿ, ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಯುರೋಪಿನ ಕಾರಾದರೆ ಆರು ಮೂಲೆಯ ಸ್ಟಾರ್ ಬಿಟ್ ಬೇಕು, ಟಿ20, ಟಿ25, ಟಿ30 ಇದ್ದರೆ ಹೆಚ್ಚಿನ ಕಡೆ ಸಾಕಾಗುತ್ತದೆ. ಸ್ಕ್ರೂ ಅಡಗಿರುವುದು ಕೈ ಹಿಡಿಯುವ ಹಿಡಿಯ ಒಳಗೆ, ಹ್ಯಾಂಡಲಿನ ಹಿಂದಿನ ಸಣ್ಣ ಮುಚ್ಚಳದ ಕೆಳಗೆ, ಕೆಲವೊಮ್ಮೆ ಬಾಗಿಲಿನ ದೀಪದ ಹಿಂದೆ. ಬರುತ್ತಿಲ್ಲ ಅಂದರೆ ಒಂದು ಸ್ಕ್ರೂ ಬಾಕಿ ಇದೆ ಅಂತಲೇ ಅರ್ಥ, ಬಲ ಹಾಕಬೇಡಿ. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಡಿ. ಆಮೇಲೆ ಕೆಳಗಿನ ಮೂಲೆಯಿಂದ ಶುರು ಮಾಡಿ. ಬೆರಳು ಕ್ಲಿಪ್ಪಿನ ಪಕ್ಕದಲ್ಲೇ ಇರಲಿ, ನೇರ ಹೊರಗೆ ಒಂದೇ ಎಳೆತ. ದೂರದಲ್ಲಿ ಹಿಡಿದು ನಿಧಾನಕ್ಕೆ ಬಗ್ಗಿಸಿದರೆ ಕ್ಲಿಪ್ ಉಳಿಯುತ್ತದೆ, ಅದನ್ನು ಹಿಡಿದ ಪ್ಯಾನೆಲ್ಲಿನ ಗೂಟ ಮುರಿಯುತ್ತದೆ. ಕೊನೆಗೆ ಮೇಲಕ್ಕೆತ್ತಿ ಬಿಡಿಸಿ. ಪೂರ್ತಿ ಎಳೆದು ಬಿಡಬೇಡಿ, ಹಿಂದೆ ಕೇಬಲ್ ಮತ್ತು ಕನೆಕ್ಟರ್ ಇರುತ್ತವೆ.

ಗೇರ್ ಸುತ್ತಲಿನ ಪಟ್ಟಿ ಇದರ ಅರ್ಧದಷ್ಟೂ ಕೆಲಸವಲ್ಲ. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನ ಚರ್ಮದ ಚೌಕಟ್ಟು ಮೇಲೆತ್ತಿ, ಅದರ ಕೆಳಗೆ ಸ್ಕ್ರೂ ಇದೆಯಾ ನೋಡಿ, ಹಿಂದಿನ ಅಂಚಿನಿಂದ ಎಬ್ಬಿಸಿ.

ಕಂಪನಿ ಫಿಟ್ಟಿಂಗ್ ಅಂತ ಹೆದರುವವರು ನಿಜವಾಗಿ ಹೆದರಬೇಕಾದ ಎರಡು ವಿಷಯ ಕೇಳುವುದೇ ಇಲ್ಲ. ಅದು ನನಗೆ ಬೇಸರ.

ಮೊದಲನೆಯದು ಏರ್‌ಬ್ಯಾಗ್. ಮೇಲ್ಛಾವಣಿ ತೆರೆಯುವ ಎಷ್ಟೋ ಎರಡು ಸೀಟಿನ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಬಾಗಿಲಿನಲ್ಲೇ ಇರುತ್ತದೆ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯಬೇಕು, ಆದರೆ ತೆಗೆದ ಕೂಡಲೇ ಎಲ್ಲ ಸತ್ತುಹೋಯಿತು ಅಂದುಕೊಳ್ಳಬೇಡಿ. ಅಪಘಾತದಲ್ಲಿ ಬ್ಯಾಟರಿ ತುಂಡಾದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಅದರ ಕಂಟ್ರೋಲ್ ಯೂನಿಟ್‌ನಲ್ಲಿ ಕೆಪ್ಯಾಸಿಟರ್ ಸ್ವಲ್ಪ ಕರೆಂಟು ಹಿಡಿದಿಟ್ಟಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಅಂತ ನಿಮ್ಮ ಕಾರಿನ ಮ್ಯಾನುವಲ್ ನೋಡಿ, ಅಷ್ಟು ಕಾಯಿರಿ. ಏರ್‌ಬ್ಯಾಗ್ ವಯರಿನ ಹಳದಿ ಕನೆಕ್ಟರಿಗೆ ಕರೆಂಟು ನೋಡುವ ಮೀಟರ್ ಹಚ್ಚಬೇಡಿ. ಅದನ್ನು ಬಿಡಿಸಿಟ್ಟು ಇಗ್ನಿಶನ್ ಆನ್ ಮಾಡಬೇಡಿ, ಎಚ್ಚರಿಕೆಯ ದೀಪ ಉಳಿದುಬಿಡುತ್ತದೆ, ಅಳಿಸಲು ಸ್ಕ್ಯಾನರ್ ಬೇಕು. ಬಾಗಿಲಲ್ಲಿ ಏರ್‌ಬ್ಯಾಗ್ ಇದ್ದು, ಇದೆಲ್ಲ ಓದಿ ಕೈ ನಡುಗಿದರೆ ಆ ಒಂದು ಪ್ಯಾನೆಲ್ ಗೊತ್ತಿದ್ದವರಿಂದ ಮಾಡಿಸಿ. ತಪ್ಪೇನಿಲ್ಲ.

ಬ್ಯಾಟರಿ ತೆಗೆಯುವ ಮೊದಲು ಗ್ಲಾಸ್ ಇಳಿಸಿಡಿ. ಚೌಕಟ್ಟಿಲ್ಲದ ಗ್ಲಾಸಿನ ಎಷ್ಟೋ ಕಾರುಗಳಲ್ಲಿ ಬಾಗಿಲು ತೆರೆಯುವಾಗ ಗ್ಲಾಸ್ ಬೆರಳಷ್ಟು ಇಳಿದು, ಮುಚ್ಚಿದಾಗ ಏರುತ್ತದೆ. ಕರೆಂಟು ಇಲ್ಲದಿದ್ದರೆ ಇಳಿಯುವುದಿಲ್ಲ, ಬಾಗಿಲು ಮುಚ್ಚಿದರೆ ರಬ್ಬರಿಗೆ ಗುದ್ದುತ್ತದೆ. ಬ್ಯಾಟರಿ ಇರುವ ಡಿಕ್ಕಿಯ ಬೀಗವೂ ಕರೆಂಟಿನದ್ದಾಗಿದ್ದರೆ ಅದನ್ನು ಮುಚ್ಚಲೇಬೇಡಿ.

ಎರಡನೆಯದು ನೀರಿನ ಶೀಟು. ಪ್ಯಾನೆಲ್ ತೆಗೆದಾಗ ಬಾಗಿಲಿನ ತಗಡಿಗೆ ಕಪ್ಪು ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಅಥವಾ ಫೋಮ್ ಹಾಳೆ ಕಾಣುತ್ತದೆ. ಗ್ಲಾಸಿನ ರಬ್ಬರ್ ದಾಟಿ ಮಳೆನೀರು ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕ್ಯಾಬಿನ್ನಿಗೆ ಬರದ ಹಾಗೆ ತಡೆಯುವುದು ಈ ಹಾಳೆ. ಕೆಲವರು ಅದನ್ನು ಸುಮ್ನೆ ಪ್ಯಾಕಿಂಗ್ ಅಂದುಕೊಂಡು ಹರಿದು ಬಿಸಾಡುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನ್‌ನಲ್ಲಿ ಕಾರ್ಪೆಟ್ ಒದ್ದೆ, ಆಟಿ ತಿಂಗಳಲ್ಲಿ ಬೂಷ್ಟು ವಾಸನೆ, ಸೀಟಿನ ಕೆಳಗಿನ ವಯರಿಗೆ ಹಸಿರು ತುಕ್ಕು. ಹಾಳೆಯನ್ನು ಮೆಲ್ಲಗೆ ಬಿಡಿಸಿ, ಹರಿದರೆ ಬ್ಯುಟೈಲ್ ಟೇಪಿನಿಂದ (ರಬ್ಬರಿನಂಥ ಅಂಟುಪಟ್ಟಿ) ಅಂಚು ಪೂರ್ತಿ ವಾಪಸ್ ಅಂಟಿಸಿ. ಸಾಧ್ಯವಾದರೆ ಈ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. 12 ವರ್ಷದ ಕಾರು ಅಂದಿರಿ. ಬಟನ್‌ಗಳು, ಎಸಿಯ ಸುತ್ತಲಿನ ಪ್ಲಾಸ್ಟಿಕ್ ಬೆರಳಿಗೆ ಅಂಟುತ್ತಿದೆಯಾ? ಬೆಲ್ಲದ ಕೈ ತಾಗಿದ ಹಾಗೆ? ಬಿಸಿಲಿಗೆ ಪ್ಲಾಸ್ಟಿಕ್ ಕರಗಿತು ಅಂತ ಜನ ಹೇಳುತ್ತಾರೆ. ಕರಗಿದ್ದು ಪ್ಲಾಸ್ಟಿಕ್ ಅಲ್ಲ. ಮೃದು ಅನಿಸಲಿ ಅಂತ ಅದರ ಮೇಲೆ ಪಾಲಿಯುರೆಥೇನಿನ ತೆಳು ಲೇಪ ಹಾಕಿರುತ್ತಾರೆ. ಗಾಳಿಯ ತೇವ ವರ್ಷಗಟ್ಟಲೆ ಅದನ್ನು ಒಡೆಯುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. 1990 ಮತ್ತು 2000ದ ದಶಕದ ಫೆರಾರಿಗಳಲ್ಲೂ ಇದು ಪ್ರಸಿದ್ಧ ತೊಂದರೆ, ಹಾಗಾಗಿ ನಿಮ್ಮ ಕಾರನ್ನು ಬೈಯಬೇಡಿ. ಮಳೆಗಾಲ ಪೂರ್ತಿ ಕಪಾಟಿನಲ್ಲಿಟ್ಟ ಶೂ ಹೊರಗೆ ತೆಗೆದಾಗ ಅಟ್ಟೆ ಪುಡಿಪುಡಿಯಾಗಿ ಉದುರುವುದನ್ನು ನೋಡಿದ್ದೀರಲ್ಲ, ಅದೂ ಇದೇ ಕಾರಣಕ್ಕೆ.

ಪೌಡರ್ ಹಾಕಿ ಮುಚ್ಚಿದರೆ ಒಂದು ವಾರ. ಥಿನ್ನರ್ ಹಚ್ಚಿದರೆ ಕೆಳಗಿನ ಪ್ಲಾಸ್ಟಿಕ್ಕೇ ತಿಂದುಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ, ಆಮೇಲೆ ತಾಳ್ಮೆಯಿಂದ ಲೇಪ ಪೂರ್ತಿ ತೆಗೆಯಿರಿ. ಕೆಳಗೆ ಗಟ್ಟಿ, ನುಣುಪಾದ ಪ್ಲಾಸ್ಟಿಕ್ ಸಿಗುತ್ತದೆ. ರಾತ್ರಿ ಬೆಳಗುವ ಬಟನ್‌ಗಳನ್ನು ಮಾತ್ರ ಬಿಡಿ. ಅವುಗಳ ಮೇಲಿನ ಚಿಹ್ನೆ ಎಷ್ಟೋ ಸಲ ಆ ಲೇಪದಲ್ಲೇ ಕೊರೆದಿರುತ್ತಾರೆ, ಒರೆಸಿದರೆ ಲೇಪದ ಜೊತೆ ಅದೂ ಹೋಗುತ್ತದೆ. ಅಂಥವನ್ನು ಹೊಸದೇ ಹಾಕಬೇಕು. ಗೇರ್ ಸುತ್ತಲಿನ ಪಟ್ಟಿ ಹೇಗೂ ಹೊರಗೆ ಬಂದಿರುತ್ತದೆ, ಅಲ್ಲಿನ ಬಟನ್‌ಗಳ ಹಿಂದಿನ ಕೊಂಡಿ ಅದೇ ದಿನ ಕೈಗೆ ಸಿಗುತ್ತದೆ.