ವಡೆಯ ತೂತು, ಬಂದೂಕಿನ ಮದ್ದು

ನನ್ನ ಅಕ್ಕನ ಮಗ ಮಂಡ್ಯದವನು, ಈಗ ಅಮೆರಿಕದ ಮೊಂಟಾನಾದಲ್ಲಿದ್ದಾನೆ. ಕೆಲಸ ಸಾಫ್ಟ್‌ವೇರು, ಹುಚ್ಚು ಹಳೇ ಕಾಲದ ಬಂದೂಕಿನದು. ಹೋದ ತಿಂಗಳು ವಿಡಿಯೊ ಕಾಲ್ ಮಾಡಿ ಅಂಗೈ ತೋರಿಸಿದ. ಅಂಗೈ ಮೇಲೆ ಹತ್ತಿಪ್ಪತ್ತು ಕಡ್ಡಿ ಚೂರುಗಳಿದ್ದವು. ಪೆನ್ಸಿಲ್ಲಿನ ಸೀಸವನ್ನು ಎಳ್ಳಿನಷ್ಟು ಉದ್ದಕ್ಕೆ ಕತ್ತರಿಸಿದ ಹಾಗೆ.

"ಮಾವ, ಇದು ಗುಂಡು ಹಾರಿಸಿದ ಮೇಲೆ ನಳಿಗೆಯಿಂದ ಉದುರಿದ್ದು. ಮದ್ದು ಪೂರ್ತಿ ಉರಿದೇ ಇಲ್ಲ. ನಿಧಾನದ ಮದ್ದು ಹಾಕಿದ್ರೆ ಗುಂಡಿಗೆ ಜಾಸ್ತಿ ಹೊತ್ತು ತಳ್ಳು ಸಿಗುತ್ತೆ ಅಂದ್ಕೊಂಡಿದ್ದೆ. ಅಲ್ವಾ?"

ಅಲ್ಲ. ಯಾಕೆ ಅಲ್ಲ ಅನ್ನೋದು ಬಲು ಸೊಗಸಾದ ವಿಷಯ.

ಅವನ ಹತ್ತಿರ ಇರುವುದು ಲೀವರ್ ಆಕ್ಷನ್ ರೈಫಲ್. ಕೆಳಗಿನ ಹಿಡಿಯನ್ನು ಕೆಳಕ್ಕೆಳೆದು ಮೇಲೆತ್ತಿದರೆ ಖಾಲಿ ಕೇಸು, ಅಂದರೆ ಮದ್ದು ತುಂಬಿದ್ದ ಹಿತ್ತಾಳೆ ಕೊಳವೆ, ಹೊರಗೆ; ಹೊಸ ತೋಟಾ ಒಳಗೆ. ತೋಟಾದ ಹೆಸರು .45-70. 1873ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಮಾಡಿದ್ದು. 45 ಅಂದರೆ ಗುಂಡಿನ ದಪ್ಪ, ಇಂಚಿನ ನೂರರಲ್ಲಿ 45 ಪಾಲು, ಹೆಚ್ಚೂಕಮ್ಮಿ. 70 ಅಂದರೆ ಆಗ ತುಂಬುತ್ತಿದ್ದ ಕರಿಮದ್ದು, 70 ಗ್ರೇನ್. ಇದನ್ನು ಎಪ್ಪತ್ತು ಕಾಳು ಅಂತ ಓದುವವರಿದ್ದಾರೆ. ಗ್ರೇನ್ ಇಲ್ಲಿ ತೂಕ. ನಮ್ಮ ಅಕ್ಕಸಾಲಿಗರು ಗುಲಗಂಜಿಯಲ್ಲಿ ಚಿನ್ನ ತೂಗುತ್ತಿದ್ದರಲ್ಲ, ಹಾಗೆ. 70 ಗ್ರೇನ್ ಅಂದರೆ ನಾಲ್ಕೂವರೆ ಗ್ರಾಂ, ಸುಮಾರು 37 ಗುಲಗಂಜಿ ತೂಕ.

ಉರಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಮದ್ದು, ಗುಂಡು ಕೂರಿಸಿ ಮತ್ತೆ ಬಳಸುವುದು ಅಲ್ಲಿ ಎಷ್ಟೋ ಜನರ ಹವ್ಯಾಸ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಾಗಿ ನನಗೆ ಇದರಲ್ಲಿ ಬರೀ ಬಾಯಿಮಾತಿನ ಸುಖ.

ಮೊದಲು ಒಂದು ಮೂಢನಂಬಿಕೆ ತೆಗೆದುಹಾಕೋಣ. ದಸರಾಕ್ಕೆ ಮುಂಚೆ ಅರಮನೆ ಹತ್ತಿರ ಆನೆ ಕುದುರೆಗಳಿಗೆ ಕುಶಾಲತೋಪಿನ ಸದ್ದು ಅಭ್ಯಾಸ ಮಾಡಿಸುತ್ತಾರೆ. ಬಿಳಿ ಹೊಗೆ ಏಳುವುದನ್ನು ನೋಡುತ್ತಾ ಪಕ್ಕದಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಇನ್ನೊಂದು ಹಿಡಿ ಮದ್ದು ಹಾಕಿದ್ರೆ ಗುಂಡು ಚಾಮುಂಡಿ ಬೆಟ್ಟಕ್ಕೇ ಹೋಗುತ್ತೆ." ಆ ತೋಪಿನಲ್ಲಿ ಗುಂಡೇ ಇರುವುದಿಲ್ಲ ಸ್ವಾಮಿ! ಅದು ಹಾಗಿರಲಿ. ಮದ್ದಿನ ಶಕ್ತಿ ಎಷ್ಟಿದೆ ಅನ್ನುವುದಕ್ಕಿಂತ ಆ ಶಕ್ತಿ ಯಾವ ವೇಗದಲ್ಲಿ ಹೊರಬರುತ್ತೆ ಅನ್ನುವುದು ಮುಖ್ಯ. ಬಂದೂಕಿನ ಮದ್ದು ಡೈನಮೈಟಿನ ಹಾಗೆ ಸಿಡಿಯುವುದಿಲ್ಲ, ಉರಿಯುತ್ತೆ. ಮೇಲ್ಮೈಯಿಂದ ಒಳಕ್ಕೆ, ಪದರ ಪದರವಾಗಿ.

ನಮ್ಮ ಹಳ್ಳಿ ಮನೆಯ ಬಚ್ಚಲೊಲೆ ನೆನೆಸಿಕೊಳ್ಳಿ. ತೆಂಗಿನ ಸೋಗೆ ಹಾಕಿದರೆ ಭಗ್ ಅಂತ ಎದ್ದು ಎರಡು ನಿಮಿಷಕ್ಕೆ ಬೂದಿ. ಹುಣಸೆ ಕೊರಡು ಹಾಕಿದರೆ ಬೆಳಗಿನವರೆಗೂ ಕೆಂಡ. ಕೆಜಿ ಲೆಕ್ಕದಲ್ಲಿ ಎರಡರ ಬಿಸಿಯೂ ಅಂಥಾ ಬೇರೆಯೇನಲ್ಲ. ಗಾಳಿಗೆ ಮೈಯೊಡ್ಡಿದ ಜಾಗ ಎಷ್ಟು ಅನ್ನುವುದರಲ್ಲೇ ಎಲ್ಲ ಇರುವುದು. ಕೊರಡನ್ನು ಸೀಳಿ ಚಕ್ಕೆ ಮಾಡಿ, ಅದೂ ಭಗ್ ಅನ್ನುತ್ತೆ. ಟಿಪ್ಪು ಕಾಲದ ಕರಿಮದ್ದಿಗೂ ಇದೇ ನಿಯಮ. ಪೆಟ್ಲುಪ್ಪು, ಇದ್ದಿಲು, ಗಂಧಕ, ಎಲ್ಲಕ್ಕೂ ಅದೇ ಮೂರು ಸಾಮಾನು. ಫಿರಂಗಿಗೆ ದಪ್ಪ ಹರಳು, ಕೈಬಂದೂಕಿಗೆ ಸಣ್ಣ ಹರಳು.

ಕರಿಮದ್ದು ಅಂದಾಗ ಶ್ರೀರಂಗಪಟ್ಟಣ ನೆನಪಾಗದೇ ಇರುತ್ತಾ? ದಪ್ಪ ಗೋಡೆಯ ಮದ್ದಿನ ಮನೆಗಳು ಇನ್ನೂ ನಿಂತಿವೆ. ಅದರಲ್ಲೊಂದು ಜೋಡಿ ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಕಟ್ಟಡವನ್ನೇ ಇಡಿಯಾಗಿ ಜಾಕಿ ಮೇಲೆ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಆ ಗೋಡೆ ಅಷ್ಟು ದಪ್ಪ ಯಾಕೆ ಅಂತ ಕೇಳುವವರಿಗೆ 1799ರ ಮೇ 2 ಉತ್ತರ. ಅವತ್ತು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಬಿದ್ದು ಅದು ಹಾರಿಹೋಯಿತು. ಎರಡು ದಿನಕ್ಕೆ ಕೋಟೆ ಬಿತ್ತು.

ಸರಿ, ವಡೆಗೆ ಬರೋಣ.

ಒಂದು ಗುಂಡನೆಯ ಕಾಳು ಹೊರಗಿನಿಂದ ಉರಿಯುತ್ತಾ ಹೋದರೆ ಚಿಕ್ಕದಾಗುತ್ತಾ ಹೋಗುತ್ತೆ. ಉರಿಯುವ ಮೈ ಕಮ್ಮಿ, ಹುಟ್ಟುವ ಅನಿಲವೂ ಕಮ್ಮಿ. ಆದರೆ ಗುಂಡು ಮುಂದೆ ಓಡುತ್ತಾ ಹಿಂದೆ ಜಾಗ ದೊಡ್ಡದು ಮಾಡುತ್ತಿರುತ್ತೆ. ಅಂದರೆ ಅನಿಲ ಜಾಸ್ತಿ ಬೇಕಾದಾಗಲೇ ಕಮ್ಮಿ ಬರುತ್ತೆ. ಶುರುವಿಗೆ ಏಟು, ಕೊನೆಗೆ ಏದುಸಿರು. 1860ರ ಹೊತ್ತಿಗೆ ಅಮೆರಿಕದ ಸೈನ್ಯಾಧಿಕಾರಿ ಥಾಮಸ್ ರಾಡ್‌ಮನ್ ಇದಕ್ಕೊಂದು ಉಪಾಯ ಹೂಡಿದ. ದೊಡ್ಡ ಫಿರಂಗಿಗಳಿಗೆ ಮದ್ದನ್ನು ಬಿಲ್ಲೆ ಮಾಡಿ ಅದಕ್ಕೆ ತೂತು ಕೊರೆಸಿದ.

ಉದ್ದಿನ ವಡೆಗೆ ತೂತು ಯಾಕೆ? ಎಣ್ಣೆ ಒಳಗಿನಿಂದಲೂ ಬೇಯಿಸಲಿ ಅಂತ. ಈಗ ವಡೆ ಬೇಯುವ ಬದಲು ಉರಿಯುತ್ತಿದೆ ಅಂದುಕೊಳ್ಳಿ. ಹೊರಗಿನ ಸುತ್ತಳತೆ ಕುಗ್ಗುತ್ತೆ, ಒಳಗಿನ ತೂತು ಹಿಗ್ಗುತ್ತೆ. ಹೊರಗೆ ಎಷ್ಟು ಕಳೆಯಿತೋ ಒಳಗೆ ಅಷ್ಟೇ ಕೂಡಿತು. ಒಟ್ಟು ಉರಿಯುವ ಮೈ ಕೊನೆಯವರೆಗೂ ಹೆಚ್ಚೂಕಮ್ಮಿ ಒಂದೇ! ಒಂದು ತೂತಿನ ಬದಲು ಏಳು ತೂತು ಮಾಡಿದರೆ ಉರಿಯುವ ಮೈ ಬೆಳೆಯುತ್ತಲೇ ಹೋಗುತ್ತೆ. ಇದನ್ನು ಮೊದಲ ಸಲ ಓದಿದ ದಿನ ನಾನು ತಿಂಡಿ ತಟ್ಟೆ ಮುಂದೆ ಸುಮ್ನೆ ಕೂತಿದ್ದೆ. ಕಾಫಿ ಆರಿಹೋಗಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ದ್ರಾವಕದಲ್ಲಿ ಕಲಸಿ ಹಿಟ್ಟು ಮಾಡುವ ವಿದ್ಯೆ. ಮುಂದೆ ಆ ಹಿಟ್ಟನ್ನು ಚಕ್ಕುಲಿ ಒರಳಿನಂಥ ಅಚ್ಚಿನಲ್ಲಿ ಒತ್ತಿ, ಎಳೆ ತೆಗೆದು, ಚೂರು ಕತ್ತರಿಸತೊಡಗಿದರು. ನನ್ನ ಅಳಿಯನ ಅಂಗೈ ಮೇಲಿದ್ದ ಕಡ್ಡಿಗಳು ಅಂಥವೇ. ಭೂತಗನ್ನಡಿ ಹಿಡಿದರೆ ಒಂದೊಂದಕ್ಕೂ ನಡುವೆ ಒಂದು ತೂತು. ಕಡ್ಡಿ ದಪ್ಪವಾದಷ್ಟೂ ಮದ್ದು ನಿಧಾನ. ಜೊತೆಗೆ ಉರಿ ತಡೆಯುವ ಲೇಪವೂ ಇರುತ್ತೆ.

ಈ ಮದ್ದಿಗೆ ಇನ್ನೊಂದು ಗುಣ ಇದೆ. ಸುತ್ತಲಿನ ಒತ್ತಡ ಏರಿದಷ್ಟೂ ಜೋರಾಗಿ ಉರಿಯುತ್ತೆ. ತನಗೆ ತಾನೇ ಊದುಗೊಳವೆ ಊದಿಕೊಳ್ಳುವ ಒಲೆ. ಅದಕ್ಕೇ ಬಯಲಲ್ಲಿ ಸುರಿದು ಕಡ್ಡಿ ಗೀರಿದರೆ ಹಳೇ ಸಿನಿಮಾ ರೀಲಿನ ಹಾಗೆ ಸುರ್ರಂತ ಉರಿದು ಮುಗಿಯುತ್ತೆ, ಕೇಸಿನೊಳಗೆ ಬೇರೆಯದೇ ಅವತಾರ. ಒತ್ತಡ ಕುಸಿದರೆ ಉರಿಯೂ ಕುಸಿಯುತ್ತೆ.

ನಮ್ಮ ಹುಡುಗ ಎಡವಿದ್ದು ಇಲ್ಲೇ. ಅವನು ಬಳಸಿದ್ದು 4831 ಅನ್ನುವ ನಿಧಾನದ ಮದ್ದು. ಎರಡನೇ ಮಹಾಯುದ್ಧದಲ್ಲಿ 20 ಮಿಲಿಮೀಟರ್ ತೋಪುಗಳಿಗೆ ಮಾಡಿ ಮಿಕ್ಕಿದ್ದನ್ನು ಬ್ರೂಸ್ ಹಾಜ್‌ಡನ್ ಅನ್ನುವವರು ಅಗ್ಗಕ್ಕೆ ಕೊಂಡು ಹವ್ಯಾಸಿಗಳಿಗೆ ಮಾರಿ ಹೆಸರುವಾಸಿ ಮಾಡಿದ ಸರಕು. ಸಪೂರ ನಳಿಗೆಯ, ದೊಡ್ಡ ಕೇಸಿನ ರೈಫಲ್‌ಗಳಿಗೆ ಅದು ಹೇಳಿ ಮಾಡಿಸಿದ್ದು.

ಈಗ ಲೆಕ್ಕ ನೋಡಿ. .30-06 ಅನ್ನುವುದು ಸಪೂರ ನಳಿಗೆಯ ರೈಫಲ್ಲಿನ ತೋಟಾ. ಅದರಲ್ಲಿ ಗುಂಡು ಒಂದು ಸೆಂಟಿಮೀಟರ್ ಸರಿದರೆ ಹಿಂದೆ ತೆರೆಯುವ ಜಾಗ ಸುಮಾರು 0.48 ಮಿಲಿಲೀಟರ್. .45-70ರಲ್ಲಿ 1.06. ಎರಡಕ್ಕೂ ಗುಂಡಿನ ಹಿಂದೆ ಶುರುವಿಗೆ ಇರುವ ಜಾಗ ಸುಮಾರು 4 ಮಿಲಿಲೀಟರ್. ಅಂದರೆ ಸಪೂರದಲ್ಲಿ ಆ ಜಾಗ ಎರಡರಷ್ಟಾಗಲು ಗುಂಡು ಎಂಟು ಸೆಂಟಿಮೀಟರ್ ಓಡಬೇಕು, ದಪ್ಪದಲ್ಲಿ ನಾಲ್ಕೇ ಸಾಕು. ಬಲೂನು ಊದುತ್ತಿರುವಾಗಲೇ ಯಾರೋ ದೊಡ್ಡ ಬಲೂನು ಬದಲಿಸಿಟ್ಟ ಹಾಗೆ. ನಿಧಾನದ ಮದ್ದು ಹತ್ತಿಕೊಂಡು ಒತ್ತಡ ಕಟ್ಟುವಷ್ಟರಲ್ಲಿ ಜಾಗ ಹಿಗ್ಗಿ, ಒತ್ತಡ ಇಳಿದು, ಉರಿ ಮಂಕಾಗಿ, ಕಡ್ಡಿ ಹಾಗೇ ಹೊರಗೆ ಬೀಳುತ್ತೆ. ಕೇಸಿನ ಹೊರಮೈಗೆ ಮಸಿ ಮೆತ್ತಿತ್ತಾ ಅಂತ ಕೇಳಿದೆ. ಹೂಂ ಅಂದ. ಒತ್ತಡ ಸಾಕಷ್ಟು ಇದ್ದಿದ್ದರೆ ಹಿತ್ತಾಳೆ ಉಬ್ಬಿ ನಳಿಗೆಯ ಒಳಗೋಡೆಗೆ ಅಂಟಿ ಹೊಗೆ ಹಿಂದಕ್ಕೆ ನುಗ್ಗದ ಹಾಗೆ ತಡೆಯುತ್ತಿತ್ತು.

"ಹಾಗಾದ್ರೆ ಪಿಸ್ತೂಲಿನ ಮದ್ದು ಹಾಕ್ಲಾ? ಅದು ಸಖತ್ ಫಾಸ್ಟು."

ಬೇಡಪ್ಪ. ಅದು ಗುಂಡು ಅಲ್ಲಾಡುವ ಮುಂಚೆಯೇ ಒತ್ತಡವನ್ನು ಆಕಾಶಕ್ಕೇರಿಸುತ್ತೆ. ಇನ್ನೊಂದು ಅಪಾಯ, ಅದನ್ನು ಹಾಕುವುದು ಚಿಟಿಕೆಯಷ್ಟು. ಕೇಸಿನ ತಳದಲ್ಲಿ ಕೂತುಬಿಡುತ್ತೆ. ಮರೆತು ಎರಡನೇ ಸಲ ಸುರಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ. .45-70ಕ್ಕೆ ಬಳಸುವವರು ಬಹಳ ಜನ ಮೆಚ್ಚುವುದು ನಡುವಿನ ವೇಗದ್ದು, 4198, 3031 ಅನ್ನುವಂಥವು. ಕೇಸು ಸಾಕಷ್ಟು ತುಂಬುತ್ತೆ, ಎರಡು ಸಲ ಸುರಿದರೆ ಮೇಲೆ ಚೆಲ್ಲಿ ಗುಟ್ಟು ರಟ್ಟಾಗುತ್ತೆ. ಲೀವರ್ ರೈಫಲ್‌ನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಸ್ಪ್ರಿಂಗು, ಒದೆತ ಎರಡೂ ಸೇರಿ ಗುಂಡನ್ನು ಕೇಸಿನೊಳಕ್ಕೆ ತಳ್ಳಬಹುದು. ಜಾಗ ಕುಗ್ಗಿದರೆ ಒತ್ತಡ ಏರುತ್ತೆ. ಅದಕ್ಕೇ ಕೇಸಿನ ಬಾಯನ್ನು ಗುಂಡಿನ ಸುತ್ತ ಒತ್ತಿ ಬಿಗಿಮಾಡಬೇಕು. ಮುಂದಿನ ತೋಟಾದ ಪ್ರೈಮರಿಗೆ ಚುಚ್ಚದಿರಲಿ ಅಂತ ಗುಂಡಿನ ಮೂತಿಯೂ ಚಪ್ಪಟೆ.

ಎಷ್ಟು ಗ್ರೇನ್ ಅಂತ ಅವನು ಕೇಳಿದ. ನಾನು ಹೇಳಲಿಲ್ಲ. ಮದ್ದು ಮಾಡುವವರ ಕೈಪಿಡಿಯಲ್ಲಿ ಈ ಒಂದೇ ತೋಟಾಕ್ಕೆ ಮೂರು ಬೇರೆ ಕೋಷ್ಟಕ ಇರುತ್ತವೆ: 1873ರ ಮಾದರಿಯ ಹಳೇ ಬಂದೂಕಿಗೆ ಒಂದು, ಲೀವರ್ ರೈಫಲ್‌ಗೆ ಒಂದು, ಈಗಿನ ಗಟ್ಟಿ ಒಂಟಿ ತೋಟಾದ ರೈಫಲ್‌ಗೆ ಒಂದು. ಈ ತೋಟಾಕ್ಕೆ ಗೊತ್ತುಮಾಡಿದ ಒತ್ತಡದ ಮಿತಿ ಚದರ ಇಂಚಿಗೆ 28,000 ಪೌಂಡ್, .30-06ಕ್ಕೆ 60,000. ಮೂರನೇ ಕೋಷ್ಟಕದ ಅಳತೆಯನ್ನು ಮೊದಲನೇ ಬಂದೂಕಿಗೆ ಹಾಕಿದರೆ ಮುಖಕ್ಕೇ ಬರುತ್ತೆ.

ಮಿಕ್ಕ 4831 ಡಬ್ಬವನ್ನು ಅವನು .30-06 ಇರುವ ಗೆಳೆಯನಿಗೆ ಕೊಟ್ಟನಂತೆ, ಬೇರೆ ಡಬ್ಬಕ್ಕೆ ಸುರಿಯದೆ, ಚೀಟಿ ಸಮೇತ. ಮೊನ್ನೆ ಮತ್ತೆ ಫೋನ್ ಮಾಡಿದ. ನಳಿಗೆಯನ್ನು ಬೋರಲು ಮಾಡಿ ಬಿಳಿ ಕಾಗದದ ಮೇಲೆ ತಟ್ಟಿದ. ಒಂಚೂರು ಮಸಿ ಬಿತ್ತು. ಕಡ್ಡಿ ಒಂದೂ ಇರಲಿಲ್ಲ.