25 ಸೆಕೆಂಡುಗಳ ಏಕಾಂತ

1993ರ ವಿಂಬಲ್ಡನ್ ಮಹಿಳೆಯರ ಫೈನಲ್. ಕೊನೆಯ ಸೆಟ್‌ನಲ್ಲಿ ಸ್ಟೆಫಿ ಗ್ರಾಫ್ ವಿರುದ್ಧ ಯಾನಾ ನೊವೊತ್ನಾ 4–1 ಗೇಮ್‌ಗಳಿಂದ ಮುಂದಿದ್ದರು. ಸರ್ವ್ ಅವರದೇ, ಇನ್ನೊಂದು ಪಾಯಿಂಟ್ ದಕ್ಕಿದ್ದರೆ 5–1. ಅಲ್ಲಿ ಡಬಲ್ ಫಾಲ್ಟ್ ಆಯಿತು: ಸರ್ವ್‌ಗೆ ಸಿಗುವ ಎರಡೂ ಅವಕಾಶಗಳು ತಪ್ಪಿದವು. ಆಮೇಲೆ ಒಂದು ಗೇಮ್ ಕೂಡ ಅವರ ಕೈಗೆ ಸಿಗಲಿಲ್ಲ. ಬಹುಮಾನ ಕೊಡಲು ಬಂದ, ಬ್ರಿಟಿಷ್ ರಾಜಮನೆತನದ ಕೆಂಟ್ ಡಚೆಸ್ ಅವರ ಹೆಗಲಿಗೆ ತಲೆಯಾನಿಸಿ ನೊವೊತ್ನಾ ಅತ್ತುಬಿಟ್ಟರು.

ಟೆನಿಸ್‌ನಲ್ಲಿ ಎದುರಾಳಿಯ ಹಂಗಿಲ್ಲದ ಹೊಡೆತ ಸರ್ವ್ ಒಂದೇ. ಚೆಂಡನ್ನು ಮೇಲಕ್ಕೆ ಎಸೆಯುವವರೂ ಹೊಡೆಯುವವರೂ ಒಬ್ಬರೇ. ಎಲ್ಲಕ್ಕಿಂತ ಸುಲಭವಾಗಿರಬೇಕಾದ ಇದೇ ಹೊಡೆತ ಎಷ್ಟೋ ಸಲ ಕೈಕೊಡುತ್ತದೆ. ಗಂಟೆಗೆ 200 ಕಿ.ಮೀ. ವೇಗದ ಸರ್ವ್ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಎದುರಾಳಿಯನ್ನು ಮುಟ್ಟುತ್ತದೆ. ಅವರಿಗೆ ಹೆದರಲೂ ಪುರುಸೊತ್ತಿಲ್ಲ. ಸರ್ವ್ ಮಾಡುವವರಿಗೆ ಇಂದಿನ ನಿಯಮದ ಪ್ರಕಾರ ಎರಡು ಪಾಯಿಂಟ್‌ಗಳ ನಡುವೆ 25 ಸೆಕೆಂಡು ಇದೆ. ಹೆದರಲು ಅದು ಧಾರಾಳವಾಯಿತು.

ಸಾವಿರಾರು ಸಲ ಮಾಡಿ ಮೈಗೂಡಿದ ಕೆಲಸವನ್ನು ಮಿದುಳು ನಮ್ಮ ಅಪ್ಪಣೆಗೆ ಕಾಯದೆ ನಡೆಸುತ್ತದೆ. ಭಯ ಹೊಕ್ಕಾಗ ಮಾತ್ರ ಎಚ್ಚರದ ಮನಸ್ಸು ಮೇಲ್ವಿಚಾರಣೆಗೆ ಇಳಿಯುತ್ತದೆ: ಮೊಣಕೈ ಸರಿಯಿದೆಯೇ, ಮಣಿಕಟ್ಟು ಈಗಲೇ ತಿರುಗಬೇಕೇ? ಒಂದೇ ಹರಿವಾಗಿದ್ದ ಚಲನೆ ತುಂಡುತುಂಡಾಗುತ್ತದೆ. ಬ್ಯಾಂಕಿನಲ್ಲಿ ‘ಹಳೆಯ ಸಹಿಯಂತೆಯೇ ಮಾಡಿ’ ಎಂದ ಕೂಡಲೇ ನನ್ನ ಸಹಿ ಬೇರೆ ಯಾರದೋ ಸಹಿಯಂತೆ ಮೂಡುತ್ತದೆ. ಅದೂ ಇದೇ ಜಾತಿಯ ತೊಂದರೆ. ಆತಂಕದ ಲೆಕ್ಕಾಚಾರಗಳೇ ಮನಸ್ಸಿನ ಜಾಗವನ್ನೆಲ್ಲ ಆಕ್ರಮಿಸಿ ಆಟಕ್ಕೆ ಎಡೆಯಿಲ್ಲದಂತೆ ಮಾಡುತ್ತವೆ ಎಂಬ ವಾದವೂ ಮನೋವಿಜ್ಞಾನದಲ್ಲಿದೆ. ಟೆನಿಸ್‌ನ ಮಟ್ಟಿಗೆ ಎರಡೂ ನಿಜವೆಂದೇ ನನಗೆ ತೋರುತ್ತದೆ.

ರಫೆಲ್ ನಡಾಲ್ ನೀರಿನ ಬಾಟಲಿಗಳನ್ನು ಅಳೆದಿಟ್ಟಂತೆ ಸಾಲಾಗಿ ಜೋಡಿಸುತ್ತಿದ್ದುದನ್ನು ಕಂಡು ನಕ್ಕವರುಂಟು. ಖಾಲಿ ಹೊತ್ತಿನಲ್ಲಿ ಮನಸ್ಸಿಗೆ ಒಂದು ಸಣ್ಣ ಕೆಲಸ ಸಿಕ್ಕರೆ ದೊಡ್ಡ ಭಯಕ್ಕೆ ಜಾಗ ಕಡಿಮೆಯಾಗುತ್ತದೆ.

ಸೋತ ಪಾಯಿಂಟನ್ನು ಮರೆಯುವುದು ಇನ್ನೊಂದು ಕಸುಬು. ತಾವು ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು 80% ಗೆದ್ದರೂ, ಗೆದ್ದ ಪಾಯಿಂಟ್‌ಗಳು ಕೇವಲ 54% ಎಂದು ರೋಜರ್ ಫೆಡರರ್ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವೀಧರರಿಗೆ ಹೇಳಿದರು. ಅಂದರೆ ಅಂಥವರೂ ಹೆಚ್ಚುಕಡಿಮೆ ಎರಡರಲ್ಲಿ ಒಂದು ಪಾಯಿಂಟ್ ಸೋಲುತ್ತಲೇ ಇದ್ದರು. 2019ರ ವಿಂಬಲ್ಡನ್ ಫೈನಲ್‌ನಲ್ಲಂತೂ ಅವರು 218 ಪಾಯಿಂಟ್ ಗೆದ್ದರು, ಜೊಕೊವಿಚ್ 204. ಟ್ರೋಫಿ ಹೋದದ್ದು ಜೊಕೊವಿಚ್ ಮನೆಗೆ. ಫೆಡರರ್ ತಮ್ಮದೇ ಸರ್ವ್‌ನಲ್ಲಿ ಎರಡು ಚಾಂಪಿಯನ್‌ಶಿಪ್ ಪಾಯಿಂಟ್ (ಗೆದ್ದರೆ ಟ್ರೋಫಿಯೇ ದಕ್ಕುವ ಪಾಯಿಂಟ್) ಕಳೆದುಕೊಂಡಿದ್ದರು.

128 ಮಂದಿಯ ಗ್ರ್ಯಾಂಡ್‌ಸ್ಲಾಮ್‌ನಲ್ಲಿ 127 ಮಂದಿ ಸೋತೇ ಹೊರಡುತ್ತಾರೆ. ಸೋತವರೂ ಪತ್ರಕರ್ತರ ಮುಂದೆ ಕೂರಬೇಕು. 2021ರ ಫ್ರೆಂಚ್ ಓಪನ್‌ನಲ್ಲಿ ಮೊದಲ ಪಂದ್ಯ ಗೆದ್ದ ನವೊಮಿ ಒಸಾಕಾ ಹಾಗೆ ಕೂರಲು ಒಪ್ಪದೆ 15,000 ಡಾಲರ್ ದಂಡಕ್ಕೆ ಗುರಿಯಾದರು. ಬಳಿಕ ಟೂರ್ನಿಯನ್ನೇ ಬಿಟ್ಟು, 2018ರಿಂದ ಖಿನ್ನತೆ ಕಾಡುತ್ತಿದೆ ಎಂದು ಬರೆದುಕೊಂಡರು. ಮಂಡಿ ನೋವೆಂದರೆ ಯಾರೂ ಪುರಾವೆ ಕೇಳುವುದಿಲ್ಲ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಕೂಡ 2021ರಲ್ಲಿ ಸೋಲಿನ ಮೇಲೆ ಸೋಲು ಕಂಡು ಆಟ ಬಿಡುವ ಯೋಚನೆಯಲ್ಲಿದ್ದರು. 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ಪಾಯಿಂಟ್ ಹೋದರೂ ಬಂದರೂ ಇಬ್ಬರೂ ಕೈತಟ್ಟಿಕೊಳ್ಳುತ್ತಾರೆ, ಬಾಯಿಗೆ ಅಡ್ಡ ಹಿಡಿದ ಚೆಂಡಿನ ಹಿಂದೆ ಎರಡು ಮಾತಾಡುತ್ತಾರೆ. ಅಷ್ಟರಲ್ಲಿ 25 ಸೆಕೆಂಡು ಮುಗಿದಿರುತ್ತದೆ.