ಕ್ರಿಸ್ತ ಶಕ ಹುಟ್ಟಿದ್ದು ಹಬ್ಬದ ಲೆಕ್ಕದಲ್ಲಿ

ಶಾಸನದ ಬಗ್ಗೆ ಏನೇ ಓದಿ, 'ಕ್ರಿ.ಶ.' ಬಂದೇ ಬರುತ್ತದೆ. ಏಸು ಹುಟ್ಟಿದಾಗಿನಿಂದ ಜನ ಹೀಗೇ ಎಣಿಸುತ್ತಿದ್ದರು ಅಂದುಕೊಂಡರೆ, ಇಲ್ಲ. ಮೊದಲ ಐನೂರು ವರ್ಷ ಈ ಎಣಿಕೆ ಇರಲೇ ಇಲ್ಲ.

ರೋಮನ್ನರು ವರ್ಷಕ್ಕೆ ಸಂಖ್ಯೆಗಿಂತ ಜಾಸ್ತಿ ಹೆಸರು ಕೊಡುತ್ತಿದ್ದರು. 'ಇಂಥ ಇಬ್ಬರು ಕಾನ್ಸಲ್ (ವರ್ಷವರ್ಷ ಬದಲಾಗುವ ಉನ್ನತ ಅಧಿಕಾರಿಗಳು) ಆಗಿದ್ದಾಗ' ಅಂದರೆ ಅದೇ ಆ ವರ್ಷದ ಗುರುತು. ಅದು ಎಷ್ಟು ಹಿಂದಿನ ಮಾತು ಅಂತ ತಿಳಿಯಬೇಕಾದರೆ ಕಾನ್ಸಲ್‌ಗಳ ಪಟ್ಟಿ ಹಿಡಿದು ಎಣಿಸುತ್ತಾ ಕೂರಬೇಕು. ಈಜಿಪ್ಟಿನಲ್ಲಿ ಮಾತ್ರ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದ 284ರಿಂದ ಎಣಿಸುವ ರೂಢಿ ಬೆಳೆಯಿತು.

ಕ್ರೈಸ್ತರಿಗೆ ತಲೆನೋವಾಗಿದ್ದು ಈಸ್ಟರ್. ವಸಂತದ ಹುಣ್ಣಿಮೆ ಕಳೆದು ಬರುವ ಭಾನುವಾರ ಆ ಹಬ್ಬ, ಆದರೆ ಚಂದ್ರನ ತಿಂಗಳು ಸೂರ್ಯನ ವರ್ಷಕ್ಕೆ ಹೊಂದುವುದಿಲ್ಲ (ಅಧಿಕಮಾಸ ಹಾಕುವ ನಮ್ಮ ಪಂಚಾಂಗದವರಿಗೆ ಇದು ಹೊಸದೇನಲ್ಲ). 19 ವರ್ಷಕ್ಕೊಮ್ಮೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬರುತ್ತವೆ. ಅದನ್ನು ಹಿಡಿದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದವರು ಈಸ್ಟರ್ ದಿನಗಳ ಕೋಷ್ಟಕ ಮಾಡಿದರು, ವರ್ಷಕ್ಕೆ ಡಯೊಕ್ಲೀಷಿಯನ್ ಲೆಕ್ಕವನ್ನೇ ಬಳಸಿದರು.

525ರಲ್ಲಿ ರೋಮಿನಲ್ಲಿದ್ದ ಡಯೊನೀಷಿಯಸ್ ಎಂಬ ಸನ್ಯಾಸಿ ಆ ಕೋಷ್ಟಕವನ್ನು ಮುಂದುವರಿಸಲು ಕೂತ. ಹಳೆಯದು 531ಕ್ಕೆ ಮುಗಿಯುತ್ತಿತ್ತು. ಆದರೆ ಈ ಡಯೊಕ್ಲೀಷಿಯನ್ ಯಾರು? 303ರಿಂದ ಕ್ರೈಸ್ತರನ್ನು ಹಿಡಿಹಿಡಿದು ಹಿಂಸಿಸಿದವನು! ಅಂಥವನ ಹೆಸರನ್ನು ನಮ್ಮ ಹಬ್ಬದ ಪಟ್ಟಿಯಲ್ಲಿ ಯಾಕೆ ಉಳಿಸಬೇಕು ಅಂತ ಡಯೊನೀಷಿಯಸ್ ಅದನ್ನು ಕಿತ್ತುಹಾಕಿ, ಕ್ರಿಸ್ತನಿಂದ ಎಣಿಸಿ, ಮೊದಲ ಸಾಲಿಗೆ 532 ಅಂತ ಬರೆದ. ಲೆಕ್ಕ ಸ್ವಲ್ಪ ತಪ್ಪಿತು ಅನ್ನಿ. ಬೈಬಲ್ ಪ್ರಕಾರ ಏಸು ಹುಟ್ಟಿದಾಗ ಹೆರೋದ ರಾಜ ಬದುಕಿದ್ದ, ಅವನು ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ ಅನ್ನುತ್ತಾರೆ ಬಹುತೇಕ ಇತಿಹಾಸಕಾರರು.

ನನಗೆ ಕುತೂಹಲ ಹುಟ್ಟಿಸುವುದು ಇದರ ಹಿಂದಿನ ಧೈರ್ಯ. ರಾಜರು ಬರುತ್ತಾರೆ, ಹೋಗುತ್ತಾರೆ, ಎಣಿಕೆ ಮಾತ್ರ ನಿಲ್ಲುವುದಿಲ್ಲ. ಆ ಯೋಚನೆಗೆ ನೆಲ ಹದಮಾಡಿದವರಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನ್ ದೊಡ್ಡವನು. ಕಾಲ ಚಕ್ರದಂತೆ ಸುತ್ತುತ್ತದೆ, ನಡೆದದ್ದೇ ಮತ್ತೆ ನಡೆಯುತ್ತದೆ ಅಂತ ಕೆಲವು ಗ್ರೀಕ್ ತತ್ವಜ್ಞಾನಿಗಳು ಹೇಳುತ್ತಿದ್ದರು. ಕ್ರಿಸ್ತ ಸತ್ತದ್ದು ಒಂದೇ ಸಲ, ಅದು ಮರುಕಳಿಸುವುದಿಲ್ಲ ಅಂತ ಅಗಸ್ಟೀನ್ 5ನೇ ಶತಮಾನದ ಆರಂಭದಲ್ಲೇ ವಾದಿಸಿದ್ದ. ಮತ್ತೆ ಬಾರದ ಒಂದು ದಿನ ಇದ್ದರೆ ತಾನೆ ಅಲ್ಲಿಂದ ಎಣಿಸಬಹುದು, ಅಲ್ವಾ?

ಹಾಗಂತ ಜನ ತಕ್ಷಣ ಒಪ್ಪಿಕೊಳ್ಳಲಿಲ್ಲ. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ಬಳಸಿದ ಮೇಲೆಯೇ ಅದು ಹರಡಿದ್ದು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಂತೂ ಇಂದಿಗೂ 284ರಿಂದಲೇ ಎಣಿಸುತ್ತಾರೆ. ಅಂಕಿ ಹಾಗೇ ಇದೆ, ಹೆಸರು ಮಾತ್ರ ಬೇರೆ: ಹುತಾತ್ಮರ ಶಕ.